ಅಳತೆ ಸಿಸ್ಟರ್ ಮತ್ತು ಗುಬ್ಬಿಯ ಸ್ಲೈಡುಗಳು

ಆಸ್ಪತ್ರೆಯಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರಿಗೂ ಆಕೆ ಅಳತೆ ಸಿಸ್ಟರ್. ಗಾಯದ ಪಕ್ಕದಲ್ಲಿ ಕಾಗದದ ಅಳತೆಪಟ್ಟಿ ಇಡದೆ ಆಕೆ ಯಾವ ಗಾಯದ ಬಗ್ಗೆಯೂ ಬಾಯಿ ಬಿಟ್ಟವಳಲ್ಲ. "ಸಿಸ್ಟರ್, ಇವತ್ತು ಸ್ವಲ್ಪ ವಾಸಿ ಅನ್ಸುತ್ತೆ, ಅಲ್ವಾ?" ಎಂದು ರೋಗಿ ಆಸೆಯಿಂದ ಕೇಳಿದರೆ, "ಅನ್ಸೋದನ್ನೆಲ್ಲ ಮನೇಲಿಟ್ಟು ಬನ್ನಿ. ಪಟ್ಟಿ ಏನು ಹೇಳುತ್ತೆ ನೋಡೋಣ" ಎನ್ನುತ್ತಿದ್ದಳು. ಪಟ್ಟಿ ಇಟ್ಟು, ಬಗ್ಗಿ, ಕನ್ನಡಕವನ್ನು ಹಣೆಗೇರಿಸಿ ನೋಡುತ್ತಿದ್ದಳು. ಗಾಯ ಕೂದಲೆಳೆಯಷ್ಟು ಕಿರಿದಾಗಿದ್ದರೂ ಸರಿ, ಆಗ ಮಾತ್ರ ಆಕೆಯ ಮುಖದಲ್ಲಿ ನಗು ಕಾಣುತ್ತಿತ್ತು. ವಾರಕ್ಕೊಮ್ಮೆ ಫೋಟೋ ತೆಗೆಯುವಾಗಲೂ ಪಟ್ಟಿ ಗಾಯದ ಅಂಚಿನಲ್ಲೇ ಇರಬೇಕು. ಇಲ್ಲದಿದ್ದರೆ ಆ ಫೋಟೋ ಕಸದ ಬುಟ್ಟಿಗೆ ಸಮ.

ಆಕೆಗೆ ಇನ್ನೊಂದು ಅಭ್ಯಾಸವಿತ್ತು. ಯಾರೇ ಏನೇ ಕೊಡಲಿ, ಮೊದಲ ಸಲ ಬೇಡ ಎನ್ನುವುದು. ಕುರ್ಚಿ ಎಳೆದು ಕೊಟ್ಟರೂ ಬೇಡ, ಕಾಫಿ ಕೊಟ್ಟರೂ ಬೇಡ, ಮಳೆಯಲ್ಲಿ ಛತ್ರಿ ಹಿಡಿದರೂ "ಬೇಡಪ್ಪ, ನನಗ್ಯಾಕೆ". ಎರಡನೇ ಸಲ ಒತ್ತಾಯ ಮಾಡಿದರೆ "ಅಷ್ಟು ಹೇಳ್ತೀರಲ್ಲ ಅಂತ" ಎಂದು ತೆಗೆದುಕೊಳ್ಳುವುದು. ಮೊದಲ ಸಲಕ್ಕೇ ಕೈ ಚಾಚುವುದು ಹೊಟ್ಟೆಬಾಕರ ಲಕ್ಷಣ ಎಂದು ಆಕೆಯ ತಾಯಿ ಕಲಿಸಿದ್ದರು. ಆದರೆ ಎರಡನೇ ಸಲ ಕೇಳುವವರು ಈಗ ಕಡಿಮೆಯಾಗಿದ್ದಾರೆ ಎಂಬುದನ್ನು ಯಾರೂ ಆಕೆಗೆ ಕಲಿಸಿರಲಿಲ್ಲ.

ಹಾಗಾಗಿಯೇ ಈ ಎಡವಟ್ಟು ನಡೆದದ್ದು.

ಒಂದು ಬೆಳಿಗ್ಗೆ ಮೇಟ್ರನ್ ಆಕೆಯನ್ನು ತಮ್ಮ ಕೋಣೆಗೆ ಕರೆಸಿದರು. ಗಾಯದ ಆರೈಕೆಯ ಬಗ್ಗೆ ಒಂದು ದೊಡ್ಡ ಸಮ್ಮೇಳನವಿತ್ತು. ಬೇರೆ ಬೇರೆ ಆಸ್ಪತ್ರೆಗಳ ನರ್ಸುಗಳು, ಡಾಕ್ಟರುಗಳು ಬರುವವರಿದ್ದರು. ಈ ಆಸ್ಪತ್ರೆಯಿಂದ ಲಾರಿ ಡ್ರೈವರನ ಹಿಮ್ಮಡಿಯ ಕಥೆ ಹೇಳಬೇಕೆಂದು ಸಮ್ಮೇಳನದವರೇ ಕೇಳಿದ್ದರು. ಸಕ್ಕರೆ ಕಾಯಿಲೆಯ ಆ ಮನುಷ್ಯನ ಹಿಮ್ಮಡಿಯಲ್ಲಿ ಅಂಗೈ ಅಗಲದ ಗಾಯವಾಗಿ, ಕಾಲು ತೆಗೆಯದೆ ಬೇರೆ ದಾರಿಯಿಲ್ಲ ಎಂದು ಎಲ್ಲರೂ ಕೈಚೆಲ್ಲಿದ್ದರು. ತಿಂಗಳುಗಟ್ಟಲೆ ದಿನಾ ಡ್ರೆಸಿಂಗ್ ಮಾಡಿ, ಅದನ್ನು ಅಂಗಿಯ ಗುಂಡಿಯಷ್ಟಕ್ಕೆ ಇಳಿಸಿದವಳು ಅಳತೆ ಸಿಸ್ಟರ್. ಈಗ ಅವನು ನಡೆದೇ ಬಂದು ತೋರಿಸಿ ಹೋಗುತ್ತಿದ್ದ.

"ನೀವು ಮಾತಾಡ್ತೀರಾ ಸಿಸ್ಟರ್?" ಎಂದರು ಮೇಟ್ರನ್.

ಆಕೆಯ ಎದೆ ಡವಗುಟ್ಟಿತು. ಆದರೆ ಬಾಯಿ ತನ್ನ ಅಭ್ಯಾಸ ಬಿಡಬೇಕಲ್ಲ! "ಅಯ್ಯೋ, ನನಗ್ಯಾಕೆ ಮೇಡಂ ಅವೆಲ್ಲ. ಬೇಡ ಬಿಡಿ."

ಇಷ್ಟು ಹೇಳಿ ಆಕೆ ಕಾದಳು. ಮೇಟ್ರನ್ ಪೆನ್ನಿನ ಮುಚ್ಚಳ ಹಾಕಿದರು. "ಸರಿ ಹಾಗಾದ್ರೆ, ಗುಬ್ಬಿಗೆ ಹೇಳ್ತೀನಿ. ಫೋಟೋ ತೆಗೆದಿದ್ದು ಅವಳೇ, ಕಂಪ್ಯೂಟರೂ ಬರುತ್ತೆ. ನೀವು ಹೊರಡಿ, ಡ್ರೆಸಿಂಗ್ ರೂಮಲ್ಲಿ ಜನ ಕಾಯ್ತಿರ್ತಾರೆ."

ಕೋಣೆಯಿಂದ ಹೊರಬಂದ ಮೇಲೂ ಆಕೆ ಬಾಗಿಲ ಬಳಿ ಒಂದು ಗಳಿಗೆ ನಿಂತಿದ್ದಳು, ಹಿಂದಿನಿಂದ ಕರೆಯಬಹುದೇನೋ ಎಂದು. ಯಾರೂ ಕರೆಯಲಿಲ್ಲ.

ಗುಬ್ಬಿ ಎಂದರೆ ಅದೇ ಡ್ರೆಸಿಂಗ್ ರೂಮಿನ ಕಿರಿಯ ನರ್ಸು. ಪುಟ್ಟ ಆಳು, ಒಂದು ಕಡೆ ಕಾಲು ನಿಲ್ಲುವುದಿಲ್ಲ, ಮಾತೂ ಹಾಗೇ. ಕೆಲಸಕ್ಕೆ ಸೇರಿದ ದಿನವೇ ಅಳತೆ ಸಿಸ್ಟರನ್ನು "ಅಕ್ಕ" ಎಂದು ಕರೆದಿದ್ದಳು. ಇಡೀ ಆಸ್ಪತ್ರೆ ಸಿಸ್ಟರ್ ಎನ್ನುವಾಗ ಇವಳೊಬ್ಬಳದು ಅಕ್ಕ! 'ನಮ್ಮಮ್ಮ ಇವಳನ್ನ ಯಾವಾಗ ಹೆತ್ತಳಪ್ಪ' ಎಂದು ಆಕೆ ಮೂಗು ಮುರಿದಿದ್ದಳು. ಆದರೆ ಬೇಡ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಮಂಡಿನೋವಿನ ದಿನಗಳಲ್ಲಿ ಬಸ್‌ಸ್ಟಾಪಿನವರೆಗೆ ಚೀಲ ಹೊತ್ತು ತಂದು, ಬಸ್ಸಿನಲ್ಲಿ ಜೊತೆಗೆ ಬಂದು ಕೈ ಹಿಡಿದು ಇಳಿಸುವವಳು ಅವಳೇ ಆಗಿದ್ದರಿಂದ ಸುಮ್ಮನಿದ್ದಳು ಅಂತಲೂ ಇಟ್ಟುಕೊಳ್ಳಬಹುದು.

ಮನೆಯ ಮುಂದಿನ ಕೋಣೆಯಲ್ಲಿ ಗಂಡ ಹೊಲಿಗೆ ಯಂತ್ರಗಳ ರಿಪೇರಿ ಮಾಡುತ್ತಿದ್ದ. ಅಂದು ಸಂಜೆ ಆಕೆ ಚೀಲವನ್ನು ದೊಪ್ಪೆಂದು ಇಟ್ಟ ರೀತಿಗೇ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ವಿಷಯ ಕೇಳಿದ ಮೇಲೆ ನಗು ತಡೆಯಲಾಗಲಿಲ್ಲ ಅವನಿಗೆ.

"ನೀನು ಬೇಡ ಅಂದ್ರೆ ಇನ್ನೊಂದ್ಸಲ ಕೇಳಿ ಅಂತ ಅರ್ಥ. ಅದನ್ನ ಕಲಿಯೋಕೆ ನನಗೇ ವರ್ಷಗಟ್ಟಲೆ ಬೇಕಾಯ್ತು. ಆ ಮೇಟ್ರನ್ ಏನು ನಿನ್ನ ಕಟ್ಕೊಂಡಿದಾರೇನೇ?"

"ನಗ್ರಿ, ನಗ್ರಿ. ದಿನಾ ಬೆನ್ನು ಬಗ್ಗಿಸಿದ್ದು ನಾನು. ಆ ಕೀವು, ಆ ವಾಸನೆ, ಎಲ್ಲ ನಂದು. ಮೈಕ್ ಮಾತ್ರ ಅವಳ್ದು!"

"ಹೋಗಿ ಹೇಳು ಮತ್ತೆ, ನಾನೇ ಮಾತಾಡ್ತೀನಿ ಅಂತ."

"ಭಿಕ್ಷೆ ಬೇಡ್ಲಾ?" ಎಂದು ಆಕೆ ಒಳಗೆ ಹೋದಳು. ಹೊಟ್ಟೆಯಲ್ಲಿ ಎದ್ದದ್ದು ಬರೀ ಸಿಟ್ಟಲ್ಲ, ಅಪ್ಪಟ ಹೊಟ್ಟೆಕಿಚ್ಚು. ಆಕೆಗೂ ಅದು ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಆರುವ ಕಿಚ್ಚೇ ಅದು?

ಗುಬ್ಬಿಯ ತಯಾರಿ ಶುರುವಾಯಿತು. ಆಸ್ಪತ್ರೆಯ ಮೇಲಂತಸ್ತಿನಲ್ಲಿ ಒಂದು ಮೀಟಿಂಗ್ ರೂಮಿತ್ತು. ಉದ್ದನೆಯ ಮೇಜು, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಸೂರಿನಿಂದ ನೇತಾಡುವ ಗುಂಯ್‌ಗುಡುವ ಪ್ರೊಜೆಕ್ಟರು. ಡ್ಯೂಟಿ ಮುಗಿದ ಮೇಲೆ ಗುಬ್ಬಿ ಅಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿ, ಲ್ಯಾಪ್‌ಟಾಪ್ ಜೋಡಿಸಿಕೊಂಡು ಅಳತೆ ಸಿಸ್ಟರನ್ನು ಕರೆದಳು.

"ಅಕ್ಕ, ನೀವು ಕೊನೇ ಸಾಲಲ್ಲಿ ಕೂತ್ಕೊಂಡು ನೋಡ್ಬೇಕು. ನಿಮಗೆ ಒಪ್ಪಿಗೆ ಆದ್ರೆ ಎಲ್ಲರಿಗೂ ಒಪ್ಪಿಗೆ ಆದ ಹಾಗೆ."

"ನನಗ್ಯಾಕಮ್ಮ, ಬೇಡ."

"ಬನ್ನಿ ಅಕ್ಕ, ನೀವಿಲ್ದೆ ಆಗಲ್ಲ" ಎಂದು ಗುಬ್ಬಿ ಕೈ ಹಿಡಿದೇ ಎಳೆದಳು.

ಆಕೆ ಕೂತಳು. ಕೂತದ್ದು ಮೊಸರಲ್ಲಿ ಕಲ್ಲು ಹುಡುಕುವುದಕ್ಕೆ. ಕಲ್ಲುಗಳಿಗೆ ಬರವೂ ಇರಲಿಲ್ಲ. ಮೊದಲ ಸ್ಲೈಡಿನಲ್ಲೇ ಗುಬ್ಬಿ ಸಕ್ಕರೆ ಕಾಯಿಲೆಯ ಇಡೀ ಪುರಾಣವನ್ನು ಇರುವೆ ಸಾಲಿನಂತೆ ತುಂಬಿದ್ದಳು. ಆಮೇಲೆ ಪರದೆಗೆ ಮುಖ ಮಾಡಿ, ಜನ ಕೂರುವ ಕಡೆಗೆ ಬೆನ್ನು ಕೊಟ್ಟು, ಅದನ್ನೇ ಪಟಪಟ ಓದಿದಳು.

"ಅದನ್ನೇ ಓದೋದಾದ್ರೆ ನೀನ್ಯಾಕೆ ಅಲ್ಲಿ ನಿಂತಿರ್ಬೇಕು? ಕಾಗದ ಹಂಚಿ ಮನೆಗೆ ಹೋಗು" ಎಂದಳು ಅಳತೆ ಸಿಸ್ಟರ್, ಚುಚ್ಚಲೆಂದೇ.

ಗುಬ್ಬಿ ಕಣ್ಣರಳಿಸಿ ನಿಂತಳು. "ಹೌದಲ್ಲ ಅಕ್ಕ!" ಮರುದಿನ ನೋಡಿದರೆ ಪುರಾಣ ಮಾಯವಾಗಿತ್ತು, ಸ್ಲೈಡಿಗೊಂದೇ ಮಾತು ಉಳಿದಿತ್ತು, ಗುಬ್ಬಿ ಕುರ್ಚಿಗಳ ಕಡೆ ತಿರುಗಿ ಮಾತಾಡುತ್ತಿದ್ದಳು.

"ಬಿಳಿ ಮೇಲೆ ಹಳದಿ ಅಕ್ಷರ. ಯಾರ ಕಣ್ಣು ತೆಗೀಬೇಕು ಅಂತಿದೀಯ?" ಮರುದಿನ ಅಕ್ಷರ ಕಪ್ಪಾಯಿತು. "ಅದೇನದು, ಅಕ್ಷರಗಳೆಲ್ಲ ಸುತ್ತಿ ಸುತ್ತಿ ಹಾರ್ಕೊಂಡು ಬರ್ತಾವೆ, ಸರ್ಕಸ್ಸಾ?" ಹಾರಾಟ ನಿಂತಿತು. "ಮೊದಲು ಕಾಯಿಲೆ ಪಾಠ ಯಾರಿಗೆ ಬೇಕು? ಅಲ್ಲಿರೋರೆಲ್ಲ ಅದನ್ನೇ ಮಾಡೋರು. ಆ ಮನುಷ್ಯನ ಕಾಲು ಉಳಿಯುತ್ತೋ ಇಲ್ವೋ ಅನ್ನೋದರಿಂದ ಶುರು ಮಾಡು." ಎಂಥ ಆರಂಭವಾಯಿತೆಂದರೆ, ಕಥೆಯ ಕೊನೆಯನ್ನು ಬೆರಳ ತುದಿಯಲ್ಲಿ ಬಲ್ಲ ಅಳತೆ ಸಿಸ್ಟರೇ ಒಂದು ಕ್ಷಣ ಮುಂದಕ್ಕೆ ಬಾಗಿ ಕೂತಳು.

ಇದು ಆಕೆಯ ಗ್ರಹಚಾರ. ಚುಚ್ಚಿದ್ದೆಲ್ಲ ಉಪಕಾರವಾಗುತ್ತಿತ್ತು. ಬೈದಷ್ಟೂ ಆ ಹುಡುಗಿಯ ಮಾತು ನೆಟ್ಟಗಾಗುತ್ತಿತ್ತು. ಮೇಟ್ರನ್ ಒಮ್ಮೆ ಇಣುಕಿ ನೋಡಿ, "ಭೇಷ್ ಗುಬ್ಬಿ, ಎಷ್ಟು ಬೇಗ ಕಲಿತೆ!" ಎಂದು ಬೆನ್ನು ತಟ್ಟಿ ಹೋದರು. ಕೊನೇ ಸಾಲಿನಲ್ಲಿ ಕೂತವಳ ಕಡೆ ನೋಡಲೂ ಇಲ್ಲ. ಅಳತೆ ಸಿಸ್ಟರಿಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಮೇಲೆ ತುಟಿ ಬಿಚ್ಚಿದರೆ ಕೇಳು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಆ ಸಂಜೆ ಒಂದು ಮಾತು ಜಾರಿತು.

"ಫೋಟೋಗಳು ಅಂಚೆಚೀಟಿ ಥರ ಇದಾವೆ. ಹಿಂದೆ ಕೂತೋರು ದುರ್ಬೀನು ತರ್ಬೇಕೇನು?"

ಮರುದಿನ ಗುಬ್ಬಿ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ತಂದಳು. ಒಂದೊಂದೂ ಪರದೆಯ ಅಂಚಿನಿಂದ ಅಂಚಿನವರೆಗೆ, ಗಾಯ ನಟ್ಟನಡುವೆ. ಮೊದಲನೇ ವಾರ. ಮುಂದಿನದು. ಅದರ ಮುಂದಿನದು. ಬಣ್ಣ ಕಪ್ಪಿನಿಂದ ಕೆಂಪಿಗೆ, ಕೆಂಪಿನಿಂದ ಗುಲಾಬಿಗೆ ತಿರುಗುತ್ತಾ ಬಂತು.

ಅಳತೆ ಸಿಸ್ಟರ್ ಕನ್ನಡಕವನ್ನು ಹಣೆಗೇರಿಸಿದಳು.

ಪಟ್ಟಿ ಇರಲಿಲ್ಲ. ಒಂದರಲ್ಲೂ ಇರಲಿಲ್ಲ. ಗಾಯವನ್ನು ಹಿಗ್ಗಿಸುವಾಗ ಅಂಚಿನಲ್ಲಿದ್ದ ಕಾಗದದ ಪಟ್ಟಿ ಕತ್ತರಿಸಿ ಹೋಗಿತ್ತು. ಪರದೆ ತುಂಬುವಂತೆ ಎಳೆದದ್ದರಿಂದ ಮೊದಲ ವಾರದ ಅಂಗೈ ಅಗಲದ ಗಾಯವೂ ಕೊನೆಯ ವಾರದ ಗುಂಡಿಯಷ್ಟು ಗಾಯವೂ ಈಗ ಒಂದೇ ಗಾತ್ರ. ಬಣ್ಣ ಬದಲಾಗಿದೆ, ಅಷ್ಟೇ. ದಿನಾ ಅದೇ ಕಾಲನ್ನು ನೋಡಿದ್ದ ಗುಬ್ಬಿಯ ಕಣ್ಣಿಗೆ ಅದು ಚಿಕ್ಕದಾಗಿಯೇ ಕಾಣುತ್ತಿದ್ದಿರಬೇಕು. ಹೊರಗಿನವರಿಗೆ ಏನು ಕಾಣುತ್ತದೆ ಎಂದು ಅಳತೆ ಸಿಸ್ಟರಿಗೆ ಚೆನ್ನಾಗಿ ಗೊತ್ತಿತ್ತು.

ಮಾತು ನಾಲಿಗೆ ತುದಿಗೆ ಬಂತು. ಅಲ್ಲೇ ನಿಂತಿತು. ಹೇಳಿದರೆ ಏನಾಗುತ್ತದೆ? ನಾಳೆ ಸರಿಮಾಡಿಕೊಂಡು ಬರುತ್ತಾಳೆ. ಮೇಟ್ರನ್ ಬೆನ್ನು ತಟ್ಟುತ್ತಾರೆ. ಸಮ್ಮೇಳನದಲ್ಲಿ ಚಪ್ಪಾಳೆ. ನನ್ನ ಗಾಯ, ನನ್ನ ಪಟ್ಟಿ, ಈಗ ನನ್ನ ಕಣ್ಣೂ ಅವಳಿಗೇ ಹೋಗಬೇಕೆ?

"ಹೇಗಿದೆ ಅಕ್ಕ?"

"ಚೆನ್ನಾಗಿದೆ" ಎಂದಳು ಅಳತೆ ಸಿಸ್ಟರ್.

ಆಕೆಯ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಗುಬ್ಬಿ ಕುರ್ಚಿಗಳ ನಡುವೆ ನುಸುಳಿ ಓಡಿ ಬಂದು ತಬ್ಬಿಕೊಂಡಳು. "ನೀವು ಹೇಳಿದ್ಮೇಲೆ ಮುಗೀತು. ಇನ್ನು ಒಂದು ಚುಕ್ಕೇನೂ ಬದಲಾಯಿಸಲ್ಲ." ಆ ತಬ್ಬುಗೆಯಲ್ಲಿ ಅಳತೆ ಸಿಸ್ಟರ್ ಕೊರಡಿನಂತೆ ಕೂತಿದ್ದಳು.

ಸಮ್ಮೇಳನದ ಹಿಂದಿನ ದಿನ ಗುಬ್ಬಿ ಮತ್ತೆ ಹತ್ತಿರ ಬಂದಳು. "ಅಕ್ಕ, ನೀವು ಬರ್ಲೇಬೇಕು. ಮುಂದಿನ ಸಾಲಲ್ಲಿ, ಸ್ಟೇಜಿನ ಮೆಟ್ಟಿಲ ಪಕ್ಕದ ಕುರ್ಚಿ ನಿಮಗೇ ಅಂತ ಹೇಳಿಟ್ಟಿದೀನಿ. ಮತ್ತೆ... ಉಗುರು ಕತ್ತರಿಸ್ಕೊಂಡು ಬನ್ನಿ, ಆಯ್ತಾ?"

"ಉಗುರಾ?"

"ಸುಮ್ನೆ ಹೇಳ್ದೆ ಅಕ್ಕ" ಎಂದು ನಗುತ್ತಾ ಹಾರಿಹೋದಳು.

ಅಳತೆ ಸಿಸ್ಟರ್ ಕೆಂಡವಾದಳು. ನನಗೇ ಉಗುರಿನ ಪಾಠ! ಇಷ್ಟು ವರ್ಷ ಡ್ರೆಸಿಂಗ್ ಮಾಡಿದ ಕೈಗೆ! ಮುಂದಿನ ಸಾಲಿನ ಕುರ್ಚಿಯಂತೆ. ನನ್ನನ್ನು ಎದುರಿಗೇ ಕೂರಿಸಿಕೊಂಡು ಮೆರೆಯಬೇಕಂತೆ. ಪಟ್ಟಿಯ ವಿಷಯ ಹೇಳಿಬಿಡೋಣವೇ ಎಂದು ಎಲ್ಲೋ ಮೂಲೆಯಲ್ಲಿ ಮಿಡುಕುತ್ತಿದ್ದ ಮನಸ್ಸು ಆ ಉಗುರಿನ ಮಾತಿಗೆ ಬಾಗಿಲು ಹಾಕಿಕೊಂಡಿತು.

ಸಭಾಂಗಣ ತುಂಬಿತ್ತು. ಮೆತ್ತನೆಯ ಕುರ್ಚಿಗಳು, ಕತ್ತಿನಲ್ಲಿ ಬಿಲ್ಲೆ ನೇತುಹಾಕಿಕೊಂಡ ಜನ, ಆಳೆತ್ತರದ ಬಿಳಿ ಪರದೆ. ವೇದಿಕೆಯ ಒಂದು ಬದಿಯಲ್ಲಿ ಚಿಕ್ಕ ಮೇಜಿನ ಮೇಲೆ ಹಸಿರು ಬಟ್ಟೆ ಮುಚ್ಚಿದ ಟ್ರೇ ಇತ್ತು. ಬೇರೆ ಯಾರದೋ ಪ್ರಾತ್ಯಕ್ಷಿಕೆ ಇರಬೇಕೆಂದು ಅಳತೆ ಸಿಸ್ಟರ್ ಅಂದುಕೊಂಡಳು. ಒಬ್ಬೊಬ್ಬರಿಗೂ ಇಷ್ಟೇ ಸಮಯ ಎಂದು ಮೊದಲೇ ಹೇಳಿ, ಅಧ್ಯಕ್ಷತೆ ವಹಿಸಿದ್ದ ಮಹಿಳೆ ಎದುರಿಗೆ ಬಾರಿಸುವ ಗಂಟೆಯೊಂದನ್ನು ಇಟ್ಟುಕೊಂಡು ಕೂತಿದ್ದರು.

ಗುಬ್ಬಿ ವೇದಿಕೆಗೆ ಬಂದಳು. ಪುಟ್ಟ ಆಳು ಮೈಕಿನ ಹಿಂದೆ ಮುಳುಗಿಹೋಗುತ್ತಾಳೆಂದುಕೊಂಡರೆ, ಪಕ್ಕಕ್ಕೆ ಸರಿದು ಜನರ ಎದುರಿಗೇ ನಿಂತಳು. ಮೊದಲ ಸ್ಲೈಡಿನಲ್ಲಿ ಒಂದೇ ಸಾಲು: 'ಈ ಕಾಲು ಉಳಿಯುತ್ತದೆಯೇ?' ಸಭೆ ಗಪ್‌ಚಿಪ್ಪಾಯಿತು. ಕೊನೇ ಸಾಲಿನ ಪಿಸುಮಾತೂ ನಿಂತಿತು. ಅದು ನಾನು ಹೇಳಿಕೊಟ್ಟ ಆರಂಭ ಎಂದು ಅಳತೆ ಸಿಸ್ಟರಿಗೆ ಎದ್ದು ನಿಂತು ಕೂಗಬೇಕೆನ್ನಿಸಿತು.

ಫೋಟೋಗಳು ಬಂದವು. ಕಪ್ಪು, ಕೆಂಪು, ಗುಲಾಬಿ. "ಕೊನೇ ವಾರ, ಗಾಯ ಮುಚ್ಚುತ್ತಾ ಬಂದಿದೆ" ಎಂದಳು ಗುಬ್ಬಿ ಹೆಮ್ಮೆಯಿಂದ.

ಮುಂದಿನ ಸಾಲಿನ ನರೆಗೂದಲಿನ ಸರ್ಜನ್ ಒಬ್ಬರು ಕೈಯೆತ್ತಿದರು. "ಒಂದ್ನಿಮಿಷ. ಮೊದಲನೇ ಫೋಟೋ ಮತ್ತೆ ಹಾಕಮ್ಮ. ಈಗ ಕೊನೇದು. ಎರಡೂ ಒಂದೇ ಸೈಜಿದೆಯಲ್ಲ? ಬಣ್ಣ ಬದಲಾಗಿದೆ, ಸರಿ. ಮುಚ್ಚಿರೋದು ಎಲ್ಲಿ? ಅಳತೆಪಟ್ಟಿ ಇಡ್ಲಿಲ್ವಾ ನೀವು?"

"ಇಟ್ಟಿದ್ವಿ ಸರ್. ಪ್ರತಿ ಸಲಾನೂ ಇಟ್ಟಿದ್ವಿ."

"ಎಲ್ಲಿದೆ, ತೋರ್ಸಿ."

ಗುಬ್ಬಿ ಪರದೆಯ ಕಡೆ ತಿರುಗಿದಳು. ಹಿಂದೆ ಹೋದಳು, ಮುಂದೆ ಬಂದಳು. ಸಭೆಯಲ್ಲಿ ಯಾರೋ ಕಿಸಕ್ಕೆಂದರು, ಆ ನಗು ಎರಡು ಸಾಲು ಹಬ್ಬಿತು. ಗುಬ್ಬಿಯ ಮುಖ ಬಿಳುಚಿತು. ಅವಳು ಮೆಟ್ಟಿಲ ಪಕ್ಕದ ಕುರ್ಚಿಯ ಕಡೆ ನೋಡಿದಳು. ಮೈಕಿಲ್ಲದಿದ್ದರೂ ತುಟಿಯ ಮೇಲೆ "ಅಕ್ಕ" ಎಂಬುದು ಸ್ಪಷ್ಟವಾಗಿ ಕಾಣಿಸಿತು.

ಅಳತೆ ಸಿಸ್ಟರ್ ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೊದಲನೆಯದು ಅಂಗೈ ಅಗಲ, ಕೊನೆಯದು ಗುಂಡಿಯಷ್ಟು, ನಾನೇ ಅಳೆದಿದ್ದೇನೆ ಎಂದರೆ ಮುಗಿಯುತ್ತಿತ್ತು. ಆಕೆ ಬಗ್ಗಿ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಕರ್ಚೀಫು ಕೈಗೆ ಸಿಕ್ಕಿತು, ಬಿಟ್ಟಳು, ಮತ್ತೆ ಹುಡುಕಿದಳು. ಮೇಲಿನಿಂದ ಗುಬ್ಬಿಯ ತೊದಲು ಕೇಳುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಆ ಗಳಿಗೆಯಲ್ಲಿ ಆಕೆಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಗುಬ್ಬಿ ಕೊನೆಗೆ ಸ್ಲೈಡುಗಳನ್ನು ಬಿಟ್ಟು, ಎಲ್ಲರೂ ನೋಡುತ್ತಿರುವಂತೆಯೇ, ಲ್ಯಾಪ್‌ಟಾಪಿನೊಳಗಿನ ಮೂಲ ಫೋಟೋಗಳಿಗಾಗಿ ತಡಕಾಡಿದಳು. ಯಾವುದೋ ಹುಟ್ಟುಹಬ್ಬದ ಚಿತ್ರ, ಯಾವುದೋ ಬೆಕ್ಕಿನ ಮರಿ, ಎಲ್ಲ ಪರದೆಯ ಮೇಲೆ ಬಂದುಹೋದವು. ಕಡೆಗೂ ಸಿಕ್ಕಿತು. ಪಟ್ಟಿ ಇಟ್ಟ ಗಾಯ, ಮೊದಲನೆಯದು, ಕೊನೆಯದು. ಸರ್ಜನ್ ಕನ್ನಡಕ ಸರಿಮಾಡಿಕೊಂಡು ನೋಡಿ, "ಒಳ್ಳೇ ಕೆಲಸ" ಎಂದು ತಲೆದೂಗಿದರು. ಅಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿದರು.

"ಮೇಡಂ, ಇನ್ನೊಂದೇ ಒಂದು ಸ್ಲೈಡ್ ಇದೆ. ಅದೇ ಮುಖ್ಯ. ದಯವಿಟ್ಟು" ಎಂದು ಗುಬ್ಬಿ ಅಂಗಲಾಚಿದಳು.

"ಸಾರಿ ಅಮ್ಮ, ಮುಂದಿನವರು ಕಾಯ್ತಿದಾರೆ."

ಇನ್ನೂ ಮೆರೆಯುವ ಆಸೆ ನೋಡು ಎಂದುಕೊಂಡಳು ಅಳತೆ ಸಿಸ್ಟರ್. ಒಬ್ಬ ಕೆಲಸದವನು ಬಂದು ಹಸಿರು ಬಟ್ಟೆ ಮುಚ್ಚಿದ ಟ್ರೇಯನ್ನು ಹಾಗೇ ಎತ್ತಿಕೊಂಡು ಹೋದ. ಗುಬ್ಬಿ ಅದನ್ನೇ ನೋಡುತ್ತಾ ಮೆಟ್ಟಿಲಿಳಿದಳು.

ಹಿಂತಿರುಗುವಾಗ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಗುಬ್ಬಿ ಅಳುತ್ತಾಳೆಂದು ಅಳತೆ ಸಿಸ್ಟರ್ ಕಾದಿದ್ದಳು. ಸಮಾಧಾನದ ಎರಡು ಮಾತನ್ನೂ ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಗುಬ್ಬಿ ಅಳಲಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು.

"ನನ್ನ ಮಾನ ಹೋದ್ರೆ ಹೋಗ್ಲಿ ಅಕ್ಕ. ಇದು ತೋರ್ಸೋಕೆ ಆಗ್ಲಿಲ್ವಲ್ಲ, ಅದೇ ಹೊಟ್ಟೆ ಉರಿಯೋದು."

ಪರದೆಯ ಮೇಲೆ ಎರಡು ಕೈಗಳು. ಉಬ್ಬಿದ ನರ, ಗಿಡ್ಡಗೆ ಕತ್ತರಿಸಿದ ಉಗುರು, ಒಂದರಲ್ಲಿ ಚಿಮಟ, ಇನ್ನೊಂದರಲ್ಲಿ ಕಾಗದದ ಅಳತೆಪಟ್ಟಿ. ಅದು ತನ್ನ ಕೈ ಎಂದು ತಿಳಿಯಲು ಅಳತೆ ಸಿಸ್ಟರಿಗೆ ಒಂದು ಕ್ಷಣ ಹಿಡಿಯಿತು. ಕೆಳಗೆ ಕೊನೇ ಸಾಲಿಗೂ ಕಾಣುವಂಥ ಕಪ್ಪು ಅಕ್ಷರದಲ್ಲಿ ಒಂದೇ ಸಾಲು: 'ಈ ಕಾಲನ್ನು ಉಳಿಸಿದ ಕೈ ಇದು. ಈಗ ಮಾಡಿ ತೋರಿಸುತ್ತದೆ.'

"ಟ್ರೇಯಲ್ಲಿ ನಿಮ್ಮ ಚಿಮಟಾನೇ ಇಟ್ಟಿದ್ದೆ. ಆಮೇಲೆ ಮೈಕ್ ನಿಮಗೇ ಕೊಡೋದು ಅಂತಿತ್ತು. ಮುಂಚೆ ಹೇಳಿದ್ರೆ ಬೇಡ ಅಂತಿದ್ರಿ ನೀವು. ನಿಮ್ಮನ್ನ ಎರಡ್ಸಲ ಕೇಳ್ಬೇಕು ಅಂತ ನನಗೆ ಗೊತ್ತಿಲ್ವಾ ಅಕ್ಕ? ಮೊದಲನೇ ಸಲ ಮೇಟ್ರನ್ ಕೇಳಿದ್ರು. ಎರಡನೇ ಸಲ ಎಲ್ಲರ ಮುಂದೆ ನಾನು ಕೇಳೋಣ ಅಂತಿದ್ದೆ."

ಅಳತೆ ಸಿಸ್ಟರಿಗೆ ಒಂದೊಂದಾಗಿ ನೆನಪಾದವು. ಮೆಟ್ಟಿಲ ಪಕ್ಕದ ಕುರ್ಚಿ. ಉಗುರು. ಹಸಿರು ಬಟ್ಟೆಯ ಕೆಳಗಿನ ಟ್ರೇ. ತಾನು ಇಷ್ಟು ದಿನ ಹೊಟ್ಟೆಕಿಚ್ಚಿನಲ್ಲಿ ಬೆಂದದ್ದು ಯಾವುದಕ್ಕಾಗಿಯೋ, ಅದು ತನಗಾಗಿಯೇ ಕಾದಿತ್ತು. ಅದರ ಸಮಯವನ್ನೆಲ್ಲ ತಿಂದುಹಾಕಿದವಳು ತಾನೇ.

ಗುಬ್ಬಿ ಹಣೆ ಒತ್ತಿಕೊಂಡಳು. "ಆ ಪಟ್ಟಿ ಕಟ್ಟಾಗಿದ್ದು ನನ್ನ ಕಣ್ಣಿಗೆ ಹೇಗೆ ಬೀಳ್ಲಿಲ್ವೋ. ಅದಿರ್ಲಿ, ನಿಮ್ಮ ಕಣ್ಣಿಗೂ ಬೀಳ್ಲಿಲ್ವಲ್ಲ ಅಕ್ಕ, ಅದೇ ಆಶ್ಚರ್ಯ."

ತಪ್ಪಿಸಿಕೊಳ್ಳಲು ದಾರಿ ಇತ್ತು. ಕನ್ನಡಕದ ಮೇಲೆ ಹಾಕಬಹುದಿತ್ತು, ವಯಸ್ಸಿನ ಮೇಲೆ ಹಾಕಬಹುದಿತ್ತು, ಗುಬ್ಬಿ ನಂಬಿಯೂ ಬಿಡುತ್ತಿದ್ದಳು. ಆದರೆ ಇದ್ದ ಅಳತೆಯನ್ನು ಇಲ್ಲವೆಂದು ಹೇಳಿ ಆ ಬಾಯಿಗೆ ಅಭ್ಯಾಸವಿರಲಿಲ್ಲ.

"ಬಿದ್ದಿತ್ತು" ಎಂದಳು ಅಳತೆ ಸಿಸ್ಟರ್.

ಗುಬ್ಬಿ ಅರ್ಥವಾಗದವಳಂತೆ ನೋಡಿದಳು. ಆಮೇಲೆ ಅರ್ಥವಾಯಿತು. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ, ಕಿಟಕಿಯ ಕಡೆ ತಿರುಗಿ ಕೂತಳು. ಅಳತೆ ಸಿಸ್ಟರ್ ತನ್ನ ಕೈಗಳನ್ನು ಚೀಲದ ಕೆಳಗೆ ಅಡಗಿಸಿಕೊಂಡಳು.

ಆಕೆಯ ಸ್ಟಾಪು ಬಂತು. ಗುಬ್ಬಿ ಎಂದಿನಂತೆ ಚೀಲ ತೆಗೆದುಕೊಂಡು ಮುಂದೆ ಇಳಿದಳು, ಎಂದಿನಂತೆ ಕೈ ಚಾಚಿ ಆಕೆಯನ್ನು ಇಳಿಸಿಕೊಂಡಳು, ಚೀಲವನ್ನು ಆಕೆಯ ಹೆಗಲಿಗೆ ಹಾಕಿ ಪಟ್ಟಿ ಸರಿಮಾಡಿದಳು.

"ಮುಂದೆ ಮೆಟ್ಟಿಲಿದೆ, ಮಂಡಿ ಜೋಪಾನ" ಎಂದಳು. "ಬರ್ತೀನಿ ಸಿಸ್ಟರ್."